ಅಚ್ಚುಮೊಳೆಯ ಅಕ್ಷರ

ಶಹಾಪುರ ತಾಲ್ಲೂಕಿನ ಶಿರವಾಳವು ಪ್ರಾಚೀನ ಶಿಲಾದೇಗುಲಗಳಿಗೆ ಹೆಸರಾದ ಊರು. ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲಿ ಅಕ್ಷರದ ಇತಿಹಾಸವು ಕಲ್ಲಿನಿಂದ ಮೊದಲಾಗುತ್ತದೆ. ಅರಸನು ಕೊಟ್ಟ ದಾನ, ದೇಗುಲಕ್ಕೆ ಬಿಟ್ಟ ಭೂಮಿ, ರಣದಲ್ಲಿ ಮಡಿದ ವೀರನ ಹೆಸರು, ಇವನ್ನೆಲ್ಲ ಹಿಂದಿನವರು ಕಲ್ಲಿನಲ್ಲಿ ಕೊರೆಯಿಸಿದರು. ಕಲ್ಲಿನ ಅಕ್ಷರ ಸಾವಿರ ವರ್ಷ ಬಾಳಬಲ್ಲದು. ಆದರೆ ಅದು ನಿಂತಲ್ಲಿಯೇ ನಿಂತಿರುತ್ತದೆ. ಓದಬೇಕೆನ್ನುವವನು ಅದರ ಬಳಿಗೆ ನಡೆದು ಹೋಗಬೇಕು. ತಾಳೆಯ ಗರಿಯ ಮೇಲೆ ಬರೆದ ಅಕ್ಷರ ಊರಿಂದೂರಿಗೆ ಸಾಗಬಲ್ಲದು; ಆದರೆ ಒಂದು ಗ್ರಂಥದಿಂದ ಇನ್ನೊಂದು ಪ್ರತಿಯನ್ನು ಮಾಡಲು ಲಿಪಿಕಾರನು ಬಹುದಿನ ದುಡಿಯಬೇಕು. ಸೀಸದಲ್ಲಿ ಎರಕ ಹೊಯ್ದ ಅಕ್ಷರವಾದರೋ ಒಂದೇ ದಿನದಲ್ಲಿ ಸಾವಿರ ಮನೆಗಳನ್ನು ಮುಟ್ಟಿತು. ಆ ಅಕ್ಷರಕ್ಕೆ ಅಚ್ಚುಮೊಳೆಯೆಂದು ಹೆಸರು. ಅದು ದುಡಿದ ಮನೆ ಅಚ್ಚುಕೂಟ.

ಅಕ್ಷರಗಳನ್ನು ಬಿಡಿಬಿಡಿಯಾಗಿ ಲೋಹದಲ್ಲಿ ಎರಕ ಹೊಯ್ದು, ಜೋಡಿಸಿ, ಅಚ್ಚೊತ್ತಿ, ಮತ್ತೆ ಬಿಡಿಸಿ ಬಳಸುವ ವಿಧಾನವನ್ನು ಯುರೋಪಿನಲ್ಲಿ ಬಳಕೆಗೆ ತಂದವನು ಜರ್ಮನಿಯ ಗುಟೆನ್‌ಬರ್ಗ್. ಅವನ ಹೆಸರಾಂತ ಬೈಬಲ್ ಸುಮಾರು 1455ರಲ್ಲಿ ಹೊರಬಂದಿತು. ಭಾರತಕ್ಕೆ ಮುದ್ರಣಯಂತ್ರ ಬಂದದ್ದು 1556ರಲ್ಲಿ, ಗೋವೆಯ ರೇವಿನಲ್ಲಿ. ಕನ್ನಡವು ಅಚ್ಚಿನ ರೂಪವನ್ನು ಕಾಣಲು ಇನ್ನೂ ಬಹುಕಾಲ ಕಾಯಬೇಕಾಯಿತು. ವಿಲಿಯಂ ಕೇರಿಯು ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರತಂದ ‘ಮಂಗಳೂರು ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆ, ಆದರೆ ಅದು ಅಚ್ಚುಮೊಳೆಯಿಂದ ಮೂಡಿದುದಲ್ಲ, ಕಲ್ಲಚ್ಚಿನದು. ಮುಂದೆ ಅದೇ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯು ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪ್ರಕಟಿಸಿತು. ಸುಮಾರು ಎಪ್ಪತ್ತು ಸಾವಿರ ಪದಗಳ ಆ ಮಹಾಗ್ರಂಥದ ಪ್ರತಿಯೊಂದು ಅಕ್ಷರವನ್ನೂ ಮನುಷ್ಯನ ಬೆರಳು ಎತ್ತಿ ಇಟ್ಟಿತ್ತೆಂಬುದನ್ನು ನೆನೆದರೆ ಆ ಶ್ರಮದ ಅಳತೆ ತಿಳಿದೀತು.

ಒಂದು ನಾಡಿಗೆ ತನ್ನದೇ ಅಚ್ಚುಕೂಟ ಏಕೆ ಬೇಕು ಎಂಬುದಕ್ಕೆ ಶಹಾಪುರ, ಸುರಪುರಗಳ ನೆರೆಯ ವಿಜಯಪುರದಲ್ಲಿ ಉತ್ತಮ ನಿದರ್ಶನವಿದೆ. ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರು ಅಲೆದು, ಮನೆಮಠಗಳಲ್ಲಿ ಧೂಳು ಹಿಡಿದಿದ್ದ ಶರಣರ ವಚನಗಳ ತಾಳೆಗರಿಗಳನ್ನು ಸಂಗ್ರಹಿಸಿದರು. ಆದ್ಯ ವಚನಕಾರರಲ್ಲೊಬ್ಬರಾದ ದೇವರ ದಾಸಿಮಯ್ಯನವರು ಸುರಪುರ ಸೀಮೆಯ ಮುದನೂರಿನವರು. ಅವರ ಮತ್ತು ಇತರ ಶರಣರ ಮಾತುಗಳು ಗೆದ್ದಲಿನ ಬಾಯಿಗೆ ಬೀಳುವ ಮುನ್ನ ಅಚ್ಚಾಗಬೇಕಾಗಿತ್ತು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಮಂಗಳೂರಿನಲ್ಲಿ ಅಚ್ಚಾಗದೆ, ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನಂಬಿ ಕುಳಿತರೆ ಈ ಕಾರ್ಯ ಮುಗಿಯದೆಂದು ಮನಗಂಡ ಅವರು ತಮ್ಮ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆ ಮೊದಲಾಯಿತು. ಇಂದು ಶಾಲೆಯ ಮಕ್ಕಳು ವಚನಗಳನ್ನು ಬಾಯಿಪಾಠ ಹೇಳುತ್ತಾರೆಂದರೆ, ಅದರ ಹಿಂದೆ ಒಬ್ಬರು ಮಾರಿದ ಮನೆಯೂ ಅವರು ಕೊಂಡ ಸೀಸದ ಮೊಳೆಗಳೂ ಇವೆ.

ಶಹಾಪುರ, ಸುರಪುರ, ಯಾದಗಿರಿಗಳ ಸ್ಥಿತಿ ಇನ್ನೂ ಕಠಿಣವಾಗಿತ್ತು. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ರೈತನು ತನ್ನ ಹೊಲದ ಕಾಗದವನ್ನು ಬೇರೊಬ್ಬರಿಂದ ಓದಿಸಿ ತಿಳಿಯಬೇಕಾಗಿತ್ತು. 1956ರ ನವೆಂಬರ್ 1ರಂದು ಈ ಭಾಗವು ಕನ್ನಡ ನಾಡಿನೊಡನೆ ಒಂದಾದ ಮೇಲೆ ಕನ್ನಡದ ರಸೀತಿ, ಅರ್ಜಿಯ ನಮೂನೆ, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆಗಳ ಅಗತ್ಯ ಹೆಚ್ಚಿತು. ದೊಡ್ಡ ಗ್ರಂಥಗಳು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿಯೂ ಮುದ್ರಣಕ್ಕೆ ಹೆಸರಾದ ಗದಗಿನಲ್ಲಿಯೂ ಅಚ್ಚಾಗಬಹುದಿತ್ತು. ಆದರೆ ಶಿರವಾಳದಂಥ ಹಳ್ಳಿಯ ಲಗ್ನಪತ್ರಿಕೆಗೆ, ಜಾತ್ರೆಯ ಕರಪತ್ರಕ್ಕೆ, ಸಹಕಾರ ಸಂಘದ ಪಾವತಿ ಪುಸ್ತಕಕ್ಕೆ ಸಮೀಪದ ಪೇಟೆಯ ಸಣ್ಣ ಅಚ್ಚುಕೂಟವೇ ಬೇಕು. ಆ ಸಣ್ಣ ಅಚ್ಚುಕೂಟದ ಒಳಗನ್ನು ಈಗ ನೋಡಬಹುದು.

ಅಚ್ಚುಮೊಳೆಯು ಸೀಸ, ಆಂಟಿಮನಿ, ತವರ ಎಂಬ ಮೂರು ಲೋಹಗಳ ಮಿಶ್ರಣ. ಸೀಸವು ಬೇಗ ಕರಗುತ್ತದೆ, ಆದರೆ ಮೆದು. ಆಂಟಿಮನಿಯು ಅದಕ್ಕೆ ಗಡಸುತನವನ್ನು ಕೊಡುತ್ತದೆ. ತವರದಿಂದ ಎರಕವು ಸರಾಗವಾಗಿ ಹರಿದು ಅಕ್ಷರದ ಸಣ್ಣ ತಿರುವುಗಳನ್ನೂ ತುಂಬುತ್ತದೆ. ಮೊಳೆಯ ತಲೆಯ ಮೇಲೆ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಉಬ್ಬಿರುತ್ತದೆ. ಕಾಗದಕ್ಕೆ ಒತ್ತಿದಾಗ ಅದು ನೇರವಾಗುತ್ತದೆ. ಮೊಳೆಗಳ ಅಗಲ ಬೇರೆ ಬೇರೆಯಾದರೂ ಎತ್ತರ ಮಾತ್ರ ಎಲ್ಲಕ್ಕೂ ಒಂದೇ, ಇಂಚಿನ 0.918 ಭಾಗ. ಒಂದು ಮೊಳೆ ಕೂದಲೆಳೆಯಷ್ಟು ಕುಳ್ಳಾದರೂ ಆ ಅಕ್ಷರ ಮಂಕಾಗುತ್ತದೆ. ಎತ್ತರವಾದರೆ ಕಾಗದವನ್ನು ತೂತು ಮಾಡುತ್ತದೆ. ಅಕ್ಷರದ ಗಾತ್ರವನ್ನು ಅಳೆಯುವ ಮಾನಕ್ಕೆ ಪಾಯಿಂಟ್ ಎಂದು ಹೆಸರು. ಒಂದಿಂಚಿಗೆ ಸುಮಾರು 72 ಪಾಯಿಂಟುಗಳು. ಹೀಗಾಗಿ 12 ಪಾಯಿಂಟಿನ ಆರು ಸಾಲುಗಳು ಒಂದಿಂಚಿನಲ್ಲಿ ಹಿಡಿಯುತ್ತವೆ. ನಾಟಕದ ಭಿತ್ತಿಪತ್ರದಲ್ಲಿ ಬೇಕಾಗುವ ಗೇಣುದ್ದದ ಅಕ್ಷರಗಳನ್ನು ಸೀಸದಲ್ಲಿ ಎರೆದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಅವನ್ನು ಕಟ್ಟಿಗೆಯಲ್ಲಿ ಕೆತ್ತುತ್ತಿದ್ದರು.

ಇಳಿಜಾರಾದ ನಿಲುವಿನ ಮೇಲೆ ಇರಿಸಿದ ಮರದ ತಟ್ಟೆಗಳಲ್ಲಿ ಸಣ್ಣ ಸಣ್ಣ ಮನೆಗಳಿರುತ್ತಿದ್ದವು. ಇವೇ ಕೇಸುಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. ಇಂಗ್ಲಿಷಿನಲ್ಲಿ 26 ಅಕ್ಷರಗಳು. ದೊಡ್ಡ, ಸಣ್ಣ ರೂಪಗಳೆರಡನ್ನೂ ಸೇರಿಸಿದರೆ 52. ಕನ್ನಡದ ವರ್ಣಮಾಲೆಯಲ್ಲಿ 49 ವರ್ಣಗಳಷ್ಟೇ ಇದ್ದರೂ ಗುಣಿತಾಕ್ಷರ, ಒತ್ತಕ್ಷರಗಳ ದೆಸೆಯಿಂದ ಮೊಳೆಗಳ ಬಗೆಗಳು ನೂರಾರಾಗುತ್ತವೆ. ಕೆಲವು ಗುಣಿತಾಕ್ಷರಗಳಿಗೆ ಇಡಿಯಾದ ಮೊಳೆಯಿರುತ್ತಿತ್ತು. ಮತ್ತೆ ಕೆಲವನ್ನು ಬಿಡಿ ತುಂಡುಗಳಿಂದ ಕೂಡಿಸಬೇಕಾಗಿತ್ತು. ‘ಮುಹೂರ್ತ’ ಎಂಬ ಮೂರಕ್ಷರದ ಪದವನ್ನು ಜೋಡಿಸುವವನು ಮಕಾರದ ಕೊಂಬು, ಹಕಾರದ ಕೊಂಬಿನ ದೀರ್ಘ, ತಕಾರದ ಅರ್ಕಾವತ್ತು ಇಷ್ಟನ್ನೂ ಮರೆಯದಿರಬೇಕು. ನುರಿತವನಿಗೆ ಈ ನೂರಾರು ಮನೆಗಳ ವಿಳಾಸ ಬೆರಳ ತುದಿಯಲ್ಲಿಯೇ ಇರುತ್ತಿತ್ತು. ಅವನ ಕಣ್ಣು ಹಸ್ತಪ್ರತಿಯ ಮೇಲೆ, ಕೈ ಕೇಸಿನ ಮೇಲೆ.

ಮೊಳೆ ಜೋಡಿಸುವವನನ್ನು ಬಳಕೆಯ ಮಾತಿನಲ್ಲಿ ಕಂಪೋಜಿಟರ್ ಎನ್ನುತ್ತಿದ್ದರು. ಅವನ ಎಡಗೈಯಲ್ಲಿ ಸ್ಟಿಕ್ ಎಂಬ ಲೋಹದ ಪುಟ್ಟ ತಟ್ಟೆ. ಸಾಲಿನ ಉದ್ದವನ್ನು ಅದರಲ್ಲಿ ಮೊದಲೇ ಗೊತ್ತುಪಡಿಸಿ, ಬಲಗೈಯಿಂದ ಮೊಳೆಗಳನ್ನು ಒಂದೊಂದಾಗಿ ಎಡದಿಂದ ಬಲಕ್ಕೆ ನಿಲ್ಲಿಸುತ್ತಿದ್ದನು. ಮೊಳೆಯ ಒಂದು ಮಗ್ಗುಲಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಕಚ್ಚು ಸರಿಯಾದ ದಿಕ್ಕಿಗಿದ್ದರೆ ಅಕ್ಷರ ನೆಟ್ಟಗಿದೆಯೆಂದು ಬೆರಳಿಗೇ ತಿಳಿಯುತ್ತದೆ. ಜೋಡಿಸಿದ ಸಾಲು ಅವನಿಗೆ ತಲೆಕೆಳಗಾಗಿ ಕಾಣುತ್ತದೆ. ಅದನ್ನು ಹಾಗೆಯೇ ಸರಾಗವಾಗಿ ಓದುವ ಅಭ್ಯಾಸ ಅವನಿಗಿರಬೇಕು. ಪದಗಳ ನಡುವೆ ಅಕ್ಷರವಿಲ್ಲದ ಕುಳ್ಳು ತುಂಡುಗಳನ್ನು ಇಟ್ಟು ತೆರಪು ಬಿಡುತ್ತಾನೆ. ಸಾಲಿನ ತುದಿಗಳು ಸಮನಾಗುವಂತೆ ಆ ತೆರಪನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಕೆಲವು ಸಾಲುಗಳಾದ ಮೇಲೆ ಅವನ್ನು ಗ್ಯಾಲಿ ಎಂಬ ಉದ್ದ ತಟ್ಟೆಗೆ ಸರಿಸಿ ದಾರದಿಂದ ಬಿಗಿಯುತ್ತಾನೆ.

ಗ್ಯಾಲಿಯಲ್ಲಿರುವ ಮೊಳೆಗಳಿಗೆ ಮಸಿ ಸವರಿ ತೆಗೆದ ಮೊದಲ ಪ್ರತಿಯೇ ಕರಡು. ಅಚ್ಚುಕೂಟದ ನಿಜವಾದ ಪರೀಕ್ಷೆ ಇಲ್ಲಿಯದು. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಅಂತರ ಒಂದು ಸಣ್ಣ ಸೀಳು. ಆ ಸೀಳು ತಪ್ಪಿದರೆ ಸಂಘದ ‘ಧನ’ವು ಕೊಟ್ಟಿಗೆಯ ‘ದನ’ವಾಗುತ್ತದೆ. 6ರ ಮೊಳೆ ತಲೆಕೆಳಗಾಗಿ ಕುಳಿತರೆ ಅದು 9 ಆಗುತ್ತದೆ; ಲಗ್ನಪತ್ರಿಕೆಯಲ್ಲಿ ಹಾಗಾದರೆ ಬಂಧುಗಳು ಮುಹೂರ್ತ ಮೀರಿದ ಮೇಲೆ ಬರುತ್ತಾರೆ. ಹಿರಿಯರೊಬ್ಬರ ಹೆಸರು ಬಿಟ್ಟುಹೋದರೆ ಎರಡು ಮನೆತನಗಳ ನಡುವೆ ಮನಸ್ತಾಪಕ್ಕೆ ಅದೇ ಕಾರಣವಾದೀತು. ಆದುದರಿಂದ ಒಬ್ಬನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬನು ಕರಡನ್ನು ನೋಡುತ್ತಾ ಹೋಗುವುದು, ಇದು ಒಳ್ಳೆಯ ಅಚ್ಚುಕೂಟಗಳ ಪದ್ಧತಿ. ಕಣ್ಣು ತಾನು ಬಯಸಿದ್ದನ್ನೇ ಓದಿಬಿಡುತ್ತದೆ. ಕಿವಿ ಜೊತೆಗಿದ್ದರೆ ಮೋಸ ಕಡಿಮೆ. ತಿದ್ದಿದ ಕರಡಿನ ಮೇಲೆ ಗಿರಾಕಿಯು ಒಪ್ಪಿಗೆಯ ರುಜು ಹಾಕಿದ ಬಳಿಕವೇ ಅಚ್ಚಿನ ಕೆಲಸ ಮೊದಲಾಗುತ್ತಿತ್ತು.

ತಪ್ಪಾದ ಮೊಳೆಯನ್ನು ಚಿಮ್ಮಟದಿಂದ ಎತ್ತಿ, ಸರಿಯಾದುದನ್ನು ಇಟ್ಟ ಮೇಲೆ ಪುಟವನ್ನು ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸುತ್ತಿದ್ದರು. ಸುತ್ತಲೂ ಮರದ ಪಟ್ಟಿಗಳನ್ನಿಟ್ಟು ಬೆಣೆಗಳಿಂದ ಬಿಗಿದರೆ ಸಾವಿರಾರು ಬಿಡಿ ಮೊಳೆಗಳು ಒಂದೇ ಹಲಗೆಯಂತಾಗುತ್ತವೆ. ಚೌಕಟ್ಟನ್ನು ಎತ್ತಿದಾಗ ಒಂದು ಮೊಳೆಯೂ ಉದುರಬಾರದು. ಪುಸ್ತಕದ ಕೆಲಸವಾದರೆ ಇಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, ಅಂದರೆ 16 ಪುಟಗಳಾಗುತ್ತವೆ. ಮಡಿಸಿದ ಹಾಳೆಗೆ ಕ್ರಮವಾಗಿ ಪುಟಸಂಖ್ಯೆಗಳನ್ನು ಹಾಕಿ ಬಿಚ್ಚಿ ನೋಡಿದರೆ ಅವು ಹಿಂದುಮುಂದಾಗಿ, ಕೆಲವು ತಲೆಕೆಳಗಾಗಿ ಕಾಣುತ್ತವೆ. 1ರ ಪಕ್ಕದಲ್ಲಿ 16, 4ರ ಪಕ್ಕದಲ್ಲಿ 13, 5ರ ಪಕ್ಕದಲ್ಲಿ 12, 8ರ ಪಕ್ಕದಲ್ಲಿ 9. ಯಾವ ಜೋಡಿಯನ್ನು ಕೂಡಿಸಿದರೂ ಮೊತ್ತ 17. ಈ ಕ್ರಮ ತಿಳಿದು ಪುಟಗಳನ್ನು ಚೌಕಟ್ಟಿನಲ್ಲಿ ಕೂರಿಸಿದರೆ ಮಾತ್ರ ಮಡಿಸಿದ ಪುಸ್ತಕ ಓದಲು ಬರುತ್ತದೆ.

ಸಣ್ಣ ಅಚ್ಚುಕೂಟಗಳ ಯಂತ್ರವೆಂದರೆ ಟ್ರೆಡಲ್. ಹೊಲಿಗೆಯ ಯಂತ್ರದಂತೆ ಇದನ್ನೂ ಕಾಲಿನಿಂದ ತುಳಿಯಬಹುದು. ಆದುದರಿಂದ ವಿದ್ಯುತ್ತಿಲ್ಲದ ಊರಿನಲ್ಲಿಯೂ ಇದು ದುಡಿಯುತ್ತಿತ್ತು. ಯಂತ್ರದ ನೆತ್ತಿಯ ಮೇಲೆ ಮಸಿ ಹಚ್ಚಿದ ದುಂಡು ತಟ್ಟೆ ತಿರುಗುತ್ತಿರುತ್ತದೆ. ರೋಲರುಗಳು ಅದರಿಂದ ಮಸಿಯನ್ನು ಪಡೆದು ಮೊಳೆಗಳ ಮೇಲೆ ಹರಿಯುತ್ತವೆ. ಕಾಗದ ಹೊತ್ತ ಹಲಗೆಯು ಬಾಯಿ ಮುಚ್ಚಿದಂತೆ ಬಂದು ಮೊಳೆಗಳಿಗೆ ಒತ್ತಿ ಮತ್ತೆ ತೆರೆಯುತ್ತದೆ. ಆ ತೆರೆದ ಒಂದೆರಡು ಕ್ಷಣದಲ್ಲಿ ಬಲಗೈ ಹೊಸ ಹಾಳೆಯನ್ನು ಇಡಬೇಕು, ಎಡಗೈ ಅಚ್ಚಾದುದನ್ನು ತೆಗೆಯಬೇಕು. ನುರಿತ ಕೈ ಗಂಟೆಗೆ ಸಾವಿರದ ಆಸುಪಾಸು ಹಾಳೆಗಳನ್ನು ಒತ್ತುತ್ತಿತ್ತು. ಮನಸ್ಸು ಬೇರೆಡೆ ಹೋದರೆ ಬೆರಳು ಜಜ್ಜಿಹೋಗುವ ಭಯ. ಮಸಿ ಹೆಚ್ಚಾದರೆ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ. ಕಡಿಮೆಯಾದರೆ ಅಕ್ಷರ ಬಿಳಿಚಿಕೊಳ್ಳುತ್ತದೆ. ಎಲ್ಲಿ ಒತ್ತು ಸಾಲದೋ ಅಲ್ಲಿ ಕಾಗದದ ಹಿಂಬದಿಯ ಹಾಸಿನಲ್ಲಿ ತೆಳುಗಾಗದದ ಚೂರು ಅಂಟಿಸಿ ಸರಿಪಡಿಸುತ್ತಿದ್ದರು. ಹೊಸ ಮೊಳೆಯಿಂದ ಚೆನ್ನಾಗಿ ಒತ್ತಿದ ಹಾಳೆಯ ಬೆನ್ನನ್ನು ಸವರಿದರೆ ಅಕ್ಷರಗಳ ಉಬ್ಬು ಬೆರಳಿಗೆ ತಾಗುತ್ತಿತ್ತು.

ಅಚ್ಚು ಮುಗಿದರೂ ಕೆಲಸ ಮುಗಿಯುತ್ತಿರಲಿಲ್ಲ. ಮೊಳೆಗಳ ಮಸಿಯನ್ನು ಸೀಮೆಎಣ್ಣೆಯಿಂದ ತೊಳೆದು, ಸಾಲುಗಳನ್ನು ಬಿಡಿಸಿ, ಪ್ರತಿಯೊಂದು ಮೊಳೆಯನ್ನೂ ಅದರದರ ಮನೆಗೆ ಮರಳಿಸಬೇಕು. ಇಂದು ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ನಾಳೆ ಅದು ಯಾರದೋ ಹೆಸರಿನಲ್ಲಿ ತಪ್ಪಾಗಿ ಮೂಡುತ್ತದೆ. ಸಣ್ಣ ಅಚ್ಚುಕೂಟದಲ್ಲಿ ಮೊಳೆಗಳ ಸಂಖ್ಯೆಯೂ ಮಿತ. ಕೆಲವು ಪುಟಗಳನ್ನು ಅಚ್ಚುಮಾಡಿ ಬಿಡಿಸಿದ ಹೊರತು ಮುಂದಿನ ಪುಟಗಳಿಗೆ ಅಕ್ಷರ ಸಾಲದು. ಸೀಸವು ವಿಷವಾದುದರಿಂದ ಆ ಕೈಯಿಂದ ಉಣ್ಣುವ ಮುನ್ನ ಚೆನ್ನಾಗಿ ತೊಳೆದುಕೊಳ್ಳುವುದು ಅಗತ್ಯ. ಇದನ್ನು ಅಲಕ್ಷಿಸಿದವರ ಆರೋಗ್ಯ ಕೆಡುತ್ತಿತ್ತು.

ಇಷ್ಟೆಲ್ಲ ಶ್ರಮವಿದ್ದರೂ ಅಚ್ಚಿನ ಕೆಲಸವೊಂದರಿಂದಲೇ ಸಂಸಾರ ಸಾಗುವುದು ಕಷ್ಟ. ಲಗ್ನಪತ್ರಿಕೆಗಳ ಕೆಲಸ ಮದುವೆಯ ತಿಂಗಳುಗಳಲ್ಲಿ ಮುಗಿಬೀಳುತ್ತದೆ. ಮಳೆಗಾಲದ ನಡುವೆ ಯಂತ್ರ ಸುಮ್ಮನಿರುತ್ತದೆ. ಆದುದರಿಂದ ಹಿಂದಿನ ಕೋಣೆಯಲ್ಲಿ ಅಚ್ಚುಕೂಟ, ಮುಂದಿನ ಕೋಣೆಯಲ್ಲಿ ಕಾಗದ-ಪುಸ್ತಕದ ಅಂಗಡಿ ಎಂಬ ಏರ್ಪಾಡು ಅನೇಕ ಊರುಗಳಲ್ಲಿ ರೂಢಿಯಾಯಿತು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನೋಟುಪುಸ್ತಕ, ಪಾಟಿ, ಬಳಪ, ಪೆನ್ಸಿಲ್, ಶಾಯಿ. ದೀಪಾವಳಿಯ ಪಾಡ್ಯದ ವೇಳೆಗೆ ವರ್ತಕರ ಹೊಸ ಕಿರ್ದಿ, ಖಾತೆ ಪುಸ್ತಕಗಳು. ವರ್ಷವಿಡೀ ಬಿಳಿ ಹಾಳೆ, ಲಕೋಟೆ, ಅಂಟು. ಒಂದರ ಬಿಡುವನ್ನು ಇನ್ನೊಂದು ತುಂಬುತ್ತಿತ್ತು. ಅಚ್ಚುಕೂಟದಲ್ಲಿ ಕತ್ತರಿಸಿ ಮಿಕ್ಕ ಕಾಗದದ ಅಂಚುಗಳು ಅಂಗಡಿಯಲ್ಲಿ ಚೀಟಿಪುಸ್ತಕಗಳಾಗುತ್ತಿದ್ದವು. ಪುಸ್ತಕ ಕಟ್ಟುವ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತವನ್ನು ಬೆರೆಸುತ್ತಿದ್ದರು. ಹುಳು ತಿನ್ನದಿರಲೆಂದು ಈ ಉಪಾಯ.

ಇಂಥ ವ್ಯಾಪಾರದ ಲೆಕ್ಕ ಸರಳವಾಗಿ ತೋರಿದರೂ ಸೂಕ್ಷ್ಮವಾದುದು. ಒಂದು ರೀಮಿನಲ್ಲಿ 500 ಹಾಳೆಗಳು. ಒಂದು ಹಾಳೆಯಿಂದ 8 ಕರಪತ್ರಗಳಾದರೆ ಸಾವಿರ ಕರಪತ್ರಕ್ಕೆ 125 ಹಾಳೆ ಸಾಕು. ಆದರೆ ಅಚ್ಚು ಸರಿಹೊಂದಿಸುವಾಗ ಕೆಡುವ ಹಾಳೆಗಳನ್ನು ಮೊದಲೇ ಎಣಿಕೆಗೆ ಹಿಡಿಯದವನು ನಷ್ಟಕ್ಕೆ ಈಡಾಗುತ್ತಾನೆ. ಮೊಳೆ ಜೋಡಿಸುವ ಶ್ರಮ ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಉದಾಹರಣೆಗೆ, ಜೋಡಣೆಗೆ 200 ರೂಪಾಯಿ, ಕಾಗದ ಮತ್ತು ಅಚ್ಚಿಗೆ ಪ್ರತಿಯೊಂದಕ್ಕೆ 1 ರೂಪಾಯಿ ಎಂದು ಹಿಡಿದರೆ ನೂರು ಪ್ರತಿಗಳಲ್ಲಿ ಒಂದೊಂದರ ವೆಚ್ಚ 3 ರೂಪಾಯಿ. ಸಾವಿರ ಪ್ರತಿಗಳಲ್ಲಿ 1 ರೂಪಾಯಿ 20 ಪೈಸೆ. ಮುದ್ರಣವು ವಿದ್ಯೆಯನ್ನು ಬಡವನ ಕೈಗೂ ನಿಲುಕಿಸಿದ ರಹಸ್ಯ ಈ ಲೆಕ್ಕದಲ್ಲಿಯೇ ಅಡಗಿದೆ.

ಇನ್ನೊಂದು ವಿಶೇಷವೂ ಉಂಟು. ಒಬ್ಬರು ಬೇಡವೆಂದ ಸೀರೆಯನ್ನು ಬಟ್ಟೆಯ ವರ್ತಕನು ಇನ್ನೊಬ್ಬರಿಗೆ ಮಾರಬಹುದು. ಒಬ್ಬರ ಲಗ್ನಪತ್ರಿಕೆಯನ್ನು ಇನ್ನೊಬ್ಬರಿಗೆ ಮಾರಲಾಗದು. ಆದುದರಿಂದ ಅಚ್ಚುಕೂಟದವನು ಮುಂಗಡ ಕೇಳುತ್ತಾನೆ. ಗಿರಾಕಿಯು ಹೇಳಿದ ದಿನಕ್ಕೆ ಕೆಲಸ ಬಯಸುತ್ತಾನೆ. ಜಾತ್ರೆ ಮುಗಿದ ಮರುದಿನ ಬಂದ ಜಾತ್ರೆಯ ಕರಪತ್ರ ಎಷ್ಟು ಅಂದವಾಗಿದ್ದರೂ ರದ್ದಿಯೇ. ಪ್ರಶ್ನೆಪತ್ರಿಕೆಯನ್ನು ಅಚ್ಚುಮಾಡುವವನು ಗುಟ್ಟನ್ನು ಕಾಪಾಡಬೇಕು. ಪಾವತಿ ಪುಸ್ತಕವನ್ನು ಅಚ್ಚುಮಾಡುವವನು ಒಂದೇ ಸಂಖ್ಯೆಯನ್ನು ಎರಡು ಸಲ ಮೂಡಿಸಬಾರದು. ಸಣ್ಣ ಅಚ್ಚುಕೂಟದ ಬಂಡವಾಳದಲ್ಲಿ ಯಂತ್ರದ ಪಾಲಿಗಿಂತ ನಂಬಿಕೆಯ ಪಾಲೇ ದೊಡ್ಡದು.

ಈ ನಂಬಿಕೆಗೆ ಕಾನೂನಿನ ಬೆಂಬಲವೂ ಇತ್ತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಪ್ರತಿಯೊಂದು ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕನ ಹೆಸರೂ ಮುದ್ರಣದ ಸ್ಥಳವೂ ಇರಬೇಕೆಂದು ವಿಧಿಸಿತು. ಆ ಕಾಯಿದೆಯ ಸ್ಥಾನಕ್ಕೆ 2023ರಲ್ಲಿ ನಿಯತಕಾಲಿಕಗಳ ಹೊಸ ಕಾಯಿದೆ ಬಂದಿದೆ. ಚುನಾವಣೆಯ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸಗಳು ಇಂದಿಗೂ ಕಡ್ಡಾಯ. ಬಾಯಿಂದ ಆಡಿದ ಮಾತನ್ನು ಅಲ್ಲಗಳೆಯಬಹುದು. ಅಚ್ಚಾದ ಮಾತಿಗೆ ಒಬ್ಬನು ಹೊಣೆಯಾಗಿ ನಿಲ್ಲಲೇಬೇಕು ಎಂಬುದು ಇದರ ಭಾವ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆಫ್‌ಸೆಟ್ ಯಂತ್ರಗಳೂ ಗಣಕಯಂತ್ರಗಳೂ ಬಂದವು. ನೂರಾರು ಮನೆಗಳ ಕೇಸಿನ ಕೆಲಸವನ್ನು ಒಂದು ಕೀಲಿಮಣೆ ವಹಿಸಿಕೊಂಡಿತು. ಕನ್ನಡದ ಗುಣಿತ, ಒತ್ತಕ್ಷರಗಳನ್ನು ಕೆಲವೇ ಕೀಲಿಗಳಿಂದ ಮೂಡಿಸುವ ವಿನ್ಯಾಸವನ್ನು ಕೆ.ಪಿ. ರಾವ್ ಅವರು ರೂಪಿಸಿದರು. ವಾರದ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಸೀಸದ ವಿಷದಿಂದ ಕೆಲಸಗಾರನಿಗೆ ಬಿಡುಗಡೆಯಾಯಿತು; ಆದರೆ ಬಾಳೆಲ್ಲ ಕಲಿತ ವಿದ್ಯೆ ಒಮ್ಮೆಗೇ ಬೇಡವಾದಾಗ ಅನೇಕ ಕಂಪೋಜಿಟರುಗಳು ದಿಕ್ಕುಗಾಣದಾದರು. ಕೆಲವರು ಕೀಲಿಮಣೆಯನ್ನು ಕಲಿತರು. ಕೆಲವರು ಬೇರೆ ದುಡಿಮೆಗೆ ಹೋದರು. ಮೊಳೆಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ ಕರಗಿಹೋದವು. ಅಲ್ಲಲ್ಲಿ ಉಳಿದ ಟ್ರೆಡಲ್ ಯಂತ್ರಗಳು ಇಂದು ರಸೀತಿಗೆ ಸಂಖ್ಯೆ ಒತ್ತಲು, ಹರಿಯುವ ಗೆರೆಯಲ್ಲಿ ರಂಧ್ರ ಹಾಕಲು, ಲಗ್ನಪತ್ರಿಕೆಯನ್ನು ಮಡಿಕೆಗೆ ಗೆರೆಯೊತ್ತಿ ಕತ್ತರಿಸಲು ಬಳಕೆಯಾಗುತ್ತವೆ.

ಯಂತ್ರ ಹೋದುದಕ್ಕೆ ಮರುಗಬೇಕಾಗಿಲ್ಲ. ಕಲ್ಲು ಹೋಗಿ ಗರಿ, ಗರಿ ಹೋಗಿ ಸೀಸ, ಸೀಸ ಹೋಗಿ ಬೆಳಕಿನ ಪರದೆ ಬಂದಿತು. ಅಕ್ಷರ ಮಾತ್ರ ಉಳಿಯಿತು. ಆದರೆ ಸೀಸದ ಕಾಲವು ಕಲಿಸಿದ ಒಂದು ಪಾಠವಿದೆ. ಅಂದು ಒಂದು ತಪ್ಪನ್ನು ತಿದ್ದಲು ಬೆಣೆ ಸಡಿಲಿಸಿ, ಮೊಳೆ ಕಿತ್ತು, ಮತ್ತೆ ಬಿಗಿಯಬೇಕಾಗಿತ್ತು. ತಿದ್ದುವುದು ಕಷ್ಟವಾಗಿದ್ದುದರಿಂದ ಬರೆಯುವವರೂ ಜೋಡಿಸುವವರೂ ಮುಂಚಿತವಾಗಿಯೇ ಎಚ್ಚರವಹಿಸುತ್ತಿದ್ದರು. ಇಂದು ಯಾರು ಬೇಕಾದರೂ ಕ್ಷಣದಲ್ಲಿ ಸಾವಿರ ಜನಕ್ಕೆ ಮಾತನ್ನು ಕಳುಹಿಸಬಹುದು. ಕರಡು ನೋಡುವವರಿಲ್ಲ, ಕೊನೆಯ ಸಾಲಿನಲ್ಲಿ ಮುದ್ರಕನ ಹೆಸರಿಲ್ಲ. ಹೀಗಾಗಿ ಕಂಪೋಜಿಟರನ ಕಣ್ಣು, ಕರಡು ತಿದ್ದುವವನ ಕಿವಿ, ಮುದ್ರಕನ ಹೊಣೆ, ಈ ಮೂರೂ ಬರೆಯುವ ಒಬ್ಬನಲ್ಲಿಯೇ ಸೇರಬೇಕಾಗಿದೆ. ಬರೆದ ಮಾತು ಕೈಬಿಡುವ ಮುನ್ನ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಓದುವವನು ಅಚ್ಚುಮೊಳೆಯನ್ನು ಕಾಣದಿದ್ದರೂ ಅಚ್ಚುಕೂಟದ ವಿದ್ಯೆಯನ್ನು ಅರಿತವನೇ ಸರಿ.